ಸ್ಕ್ರೂಡ್ರೈವರ್ ಶೌರ್ಯ

“ಕೈ ಗಟ್ಟಿ ಇದ್ದವಗ ಟೂಲ್ ಯಾತಕ್ರೀ? ಒಂದ್ ಸ್ಕ್ರೂಡ್ರೈವರ್, ಒಂದ್ ಪಕ್ಕಡ ಇದ್ರ ಇಡೀ ಗಾಡಿ ಬಿಚ್ಚತೀನಿ.” ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸುತ್ತಿನ ಗ್ಯಾರೇಜುಗಳಲ್ಲಿ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಹೇಳುವ ಮೆಕ್ಯಾನಿಕ್‌ನ ದನಿಯಲ್ಲಿ ಹೆಮ್ಮೆ ಇರುತ್ತದೆ, ಕೇಳುವ ಗಾಡಿ ಮಾಲೀಕನ ಮುಖದಲ್ಲಿ ಮೆಚ್ಚುಗೆ ಇರುತ್ತದೆ. ಹೊಸರಿತ್ತಿಯಲ್ಲಿ ಚಹಾದಂಗಡಿ ಮುಂದೆ ನಿಂತವರನ್ನು ಒಳ್ಳೆಯ ಮೆಕ್ಯಾನಿಕ್ ಯಾರೆಂದು ಕೇಳಿದರೆ ಸಾಮಾನಿಲ್ಲದೆ ಕೆಲಸ ಮುಗಿಸುವವನ ಹೆಸರೇ ಮೊದಲು ಬರುತ್ತದೆ. ಈ ಲೇಖನ ಆ ಮೆಚ್ಚುಗೆಯ ವಿರುದ್ಧ. ಗಾಡಿಯ ಎಲ್ಲ ಕೆಲಸಗಳ ಬಗ್ಗೆ ಹೇಳುತ್ತಿಲ್ಲ. ಪೆಟ್ರೋಲ್ ಪೈಪು, ಡೀಸೆಲ್ ಪೈಪು ಬಿಚ್ಚುವ ಒಂದೇ ಕೆಲಸದ ಬಗ್ಗೆ ಹೇಳುತ್ತಿದ್ದೇನೆ. ಅಲ್ಲಿಗೆ ಸ್ಕ್ರೂಡ್ರೈವರ್ ತೂರಿಸುವವನನ್ನು ಜಾಣನೆಂದು ಕರೆಯುವುದನ್ನು ನಾವು ನಿಲ್ಲಿಸಬೇಕು.

ಮೊದಲು ಎದುರು ಪಕ್ಷದ ಮಾತನ್ನು ನ್ಯಾಯವಾಗಿ ಕೇಳೋಣ. ಅವರು ಹೇಳುವುದು ಇಷ್ಟು: ಕಂಪನಿಯವರು ಪ್ರತಿ ಮಾಡೆಲಿಗೂ ಒಂದೊಂದು ‘ಸ್ಪೆಷಲ್ ಟೂಲ್’ ಎಂದು ಹೇಳಿ ಜನರನ್ನು ಹೆದರಿಸುತ್ತಾರೆ. ಶೋರೂಮಿನಲ್ಲಿ ಅರ್ಧ ತಾಸಿನ ಕೆಲಸಕ್ಕೆ ಒಂದು ದಿನ ಗಾಡಿ ನಿಲ್ಲಿಸಿಕೊಂಡು ಉದ್ದನೆಯ ಬಿಲ್ ಕೊಡುತ್ತಾರೆ. ನಮ್ಮ ಹುಡುಗರು ಅದೇ ಕೆಲಸವನ್ನು ಕಣ್ಣೆದುರಿಗೇ, ಕಾಲು ಭಾಗ ದುಡ್ಡಿನಲ್ಲಿ ಮಾಡುತ್ತಾರೆ. ಮೂವತ್ತು ವರ್ಷ ಹೀಗೇ ನಡೆದಿದೆ, ಏನೂ ಆಗಿಲ್ಲ. ಈ ಮಾತಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕಿದರೆ ನಾನು ಸುಳ್ಳುಗಾರನಾಗುತ್ತೇನೆ. ಹೆದ್ದಾರಿಯಲ್ಲಿ ನಡುರಾತ್ರಿ ನಿಂತ ಗಾಡಿಯನ್ನು ಎಬ್ಬಿಸಿ ಊರು ಮುಟ್ಟಿಸಿದ ಎಷ್ಟೋ ಕೈಗಳು ಈ ಗ್ಯಾರೇಜುಗಳಲ್ಲಿವೆ. ನನ್ನ ತಕರಾರು ಆ ಕೈಗಳ ಮೇಲಲ್ಲ. ಆ ಕೈಗಳಿಗೆ ಸರಿಯಾದ ಸಾಧನ ಬೇಕಿಲ್ಲ ಎಂಬ ನಂಬಿಕೆಯ ಮೇಲೆ.

ಈ ನಂಬಿಕೆ ಗಾಳಿಯಿಂದ ಬಂದದ್ದಲ್ಲ. ಒಂದು ಕಾಲಕ್ಕೆ ಅದು ಸರಿಯೇ ಇತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಇವೆಲ್ಲ ಕಾರ್ಬ್ಯುರೇಟರ್ ಗಾಡಿಗಳು. ಇಂಜಿನ್ನಿನ ಪಕ್ಕಕ್ಕೆ ಕೂತ ಸಣ್ಣ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಕಾರ್ಬ್ಯುರೇಟರಿಗೆ ಕೊಡುತ್ತಿತ್ತು. ಅಲ್ಲಿಯ ಒತ್ತಡ ಸುಮಾರು ಕಾಲು ಬಾರ್. ರಬ್ಬರ್ ಪೈಪು, ಅದರ ಮೇಲೊಂದು ತಿರುಪಿನ ಕ್ಲಿಪ್ಪು, ಅಷ್ಟೇ ವ್ಯವಸ್ಥೆ. ಸ್ಕ್ರೂಡ್ರೈವರಿನಿಂದ ಕ್ಲಿಪ್ ಸಡಿಲಿಸಿ, ಪೈಪನ್ನು ತಿರುವಿ ಎಳೆದರೆ ಕೆಲಸ ಮುಗಿಯಿತು. ನಾಲ್ಕು ಹನಿ ಸೋರುತ್ತಿತ್ತು, ಬಟ್ಟೆಯಿಂದ ಒರೆಸುತ್ತಿದ್ದರು. ಆ ಕೆಲಸಕ್ಕೆ ಸ್ಕ್ರೂಡ್ರೈವರೇ ತಕ್ಕ ಸಾಧನ. ಇವತ್ತಿನ ಹಿರಿಯ ಉಸ್ತಾದರೆಲ್ಲ ಕೈ ಪಳಗಿಸಿಕೊಂಡದ್ದು ಆ ಗಾಡಿಗಳ ಮೇಲೆ. ಅವರ ಕೈಕೆಳಗಿನ ಹುಡುಗರಿಗೆ ಬಂದದ್ದೂ ಅದೇ ಪಾಠ.

ಗಾಡಿ ಬದಲಾಯಿತು, ಪಾಠ ಬದಲಾಗಲಿಲ್ಲ. 2000ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬ್ಯುರೇಟರ್ ಮೂಲೆ ಸೇರಿತು, ಇಂಜೆಕ್ಷನ್ ಬಂತು. 2017ರ ಏಪ್ರಿಲಿನಿಂದ ಇಡೀ ದೇಶಕ್ಕೆ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6. ಈಗ ಪಂಪು ಟ್ಯಾಂಕಿನೊಳಗೇ ಕೂತಿರುತ್ತದೆ. ಪೆಟ್ರೋಲ್ ಪೈಪಿನಲ್ಲಿ ಸುಮಾರು 3 ಬಾರ್, ಕೆಲವು ಗಾಡಿಗಳಲ್ಲಿ ಅದಕ್ಕೂ ಮೇಲೆ ಒತ್ತಡವಿರುತ್ತದೆ. ಕಾರ್ಬ್ಯುರೇಟರ್ ಕಾಲಕ್ಕಿಂತ ಹತ್ತು ಪಟ್ಟು ಹೆಚ್ಚು ಎಂದಾಯಿತು. ಗಾಡಿ ಬಂದ್ ಮಾಡಿದ ಮೇಲೂ ಆ ಒತ್ತಡ ಎಷ್ಟೋ ಹೊತ್ತು ಪೈಪಿನಲ್ಲಿ ಉಳಿದೇ ಇರುತ್ತದೆ, ಮರುದಿನ ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಲಿ ಎಂಬ ಉದ್ದೇಶದಿಂದಲೇ ಹಾಗೆ ಮಾಡಿರುತ್ತಾರೆ. ರಬ್ಬರಿನ ಜಾಗಕ್ಕೆ ಗಟ್ಟಿ ನೈಲಾನ್ ಪೈಪು ಬಂತು. ತಿರುಪಿನ ಕ್ಲಿಪ್ಪಿನ ಜಾಗಕ್ಕೆ ಗ್ಯಾರೇಜಿನವರು ‘ಲಾಕ್’ ಎನ್ನುವ ಪ್ಲಾಸ್ಟಿಕ್ ಜೋಡಣೆ ಬಂತು.

ಈ ಲಾಕನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹೆಬ್ಬೆರಳಿಗಿಂತ ತುಸು ದಪ್ಪ, ಹೆಚ್ಚಾಗಿ ಕಪ್ಪು ಬಣ್ಣ, ಒಂದು ಬದಿಗೆ ಬಿಳಿ, ಹಸಿರು ಅಥವಾ ಕೆಂಪು ಬಣ್ಣದ ಚಿಕ್ಕ ತುಣುಕು. ಅದರೊಳಕ್ಕೆ ನುಸುಳುವ ಉಕ್ಕಿನ ನಳಿಗೆಯ ತುದಿಯಲ್ಲಿ ಬಳೆಯಂಥ ಒಂದು ಉಬ್ಬು ಇರುತ್ತದೆ. ನಳಿಗೆ ಒಳಗೆ ಹೋದಾಗ ಲಾಕಿನ ಎಳೆಯ ಕಾಲುಗಳು ಬಿಚ್ಚಿಕೊಂಡು, ಉಬ್ಬು ದಾಟಿದ ಕೂಡಲೇ ಅದರ ಹಿಂದೆ ಬಂದು ಕೂರುತ್ತವೆ. ‘ಟಿಕ್’ ಎನ್ನುವುದು ಆಗಲೇ. ಇನ್ನೂ ಒಳಕ್ಕೆ ಒಂದೋ ಎರಡೋ ರಬ್ಬರ್ ಓ-ರಿಂಗುಗಳು ನಳಿಗೆಯ ನಯವಾದ ಮೈಯನ್ನು ಅಪ್ಪಿಕೊಂಡಿರುತ್ತವೆ. ಪೆಟ್ರೋಲನ್ನು ತಡೆಯುವುದು ಆ ರಿಂಗು. ಪೈಪು ಕಳಚದಂತೆ ಹಿಡಿಯುವುದು ಆ ಕಾಲು. ಎರಡು ಬೇರೆ ಬೇರೆ ಕೆಲಸ. ಇದಕ್ಕೆ ಎಸ್‌ಎಇ ಜೆ2044 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ನಳಿಗೆಯ ಅಳತೆಗಳು ಅದರಲ್ಲಿ 7.89 ಮಿ.ಮೀ., 9.49 ಮಿ.ಮೀ. ಹೀಗೆ ಮಿಲಿಮೀಟರಿನ ನೂರನೇ ಒಂದು ಪಾಲಿನವರೆಗೆ ನಿಗದಿಯಾಗಿವೆ.

ಇಂಥ ಜಾಗಕ್ಕೆ ಸ್ಕ್ರೂಡ್ರೈವರಿನ ಚಪ್ಪಟೆ ಮೂತಿ ತೂರಿಸಿ ಮೀಟಿದರೆ ಏನಾಗುತ್ತದೆ? ಲಾಕು ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ಕಾಲುಗಳಲ್ಲಿ ಒಂದು ಸೀಳಿರುತ್ತದೆ. ನಳಿಗೆಯ ಮೈಮೇಲೆ, ಓ-ರಿಂಗ್ ಕೂರುವ ಜಾಗದಲ್ಲೇ, ಕೂದಲೆಳೆಯಷ್ಟು ಗೀರು ಬಿದ್ದಿರುತ್ತದೆ. ಪಕ್ಕಡದಿಂದ ಹಿಡಿದು ಎಳೆದಿದ್ದರೆ ನೈಲಾನ್ ಪೈಪು ಲಾಕಿನ ಬುಡದಲ್ಲಿ ಚಪ್ಪಟೆಯಾಗಿ ಬಿಳಿಚಿಕೊಂಡಿರುತ್ತದೆ. ಕೆಲಸ ಮುಗಿಸಿ ವಾಪಸ್ ಹಾಕುವಾಗ ಉಳಿದ ಒಂದು ಕಾಲು ‘ಟಿಕ್’ ಎನ್ನುತ್ತದೆ. ಮೆಕ್ಯಾನಿಕ್‌ಗೆ ಬೇಕಾದದ್ದು ಆ ಸದ್ದು. ಗಾಡಿ ಸ್ಟಾರ್ಟ್ ಆಗುತ್ತದೆ, ಸೋರಿಕೆ ಕಾಣುವುದಿಲ್ಲ, ದುಡ್ಡು ಕೈ ಬದಲಾಗುತ್ತದೆ.

“ಮೂವತ್ತು ವರ್ಷದಿಂದ ಏನೂ ಆಗಿಲ್ಲ” ಎಂಬ ವಾದ ಬಿದ್ದುಹೋಗುವುದು ಇಲ್ಲಿಯೇ. ಒಂದೇ ಕಾಲಿನ ಮೇಲೆ ನಿಂತ ಆ ಲಾಕು ಗ್ಯಾರೇಜಿನಲ್ಲಿ ಕಳಚುವುದಿಲ್ಲ. ಹೊಸರಿತ್ತಿಯಿಂದ ಗುತ್ತಲಕ್ಕೆ ಹೋಗುವ ದಾರಿಯಲ್ಲಿ, ತಿಂಗಳ ಮೇಲೆ, ಒಂದು ಹಂಪಿನ ಮೇಲೆ ಗಾಡಿ ಎಗರಿದಾಗ ಕಳಚುತ್ತದೆ. ಓ-ರಿಂಗ್ ಕೂರುವ ಜಾಗದ ಗೀರು ಮೊದಲು ವಾಸನೆಯಾಗಿ, ಆಮೇಲೆ ಹನಿಯಾಗಿ ಹೊರಬರುತ್ತದೆ. ಆಗ ಗಾಡಿ ಓಡಿಸುತ್ತಿರುವವನು ಮಾಲೀಕ, ಹಿಂದಿನ ಸೀಟಿನಲ್ಲಿ ಅವನ ಮಕ್ಕಳು. ತಪ್ಪು ಮಾಡಿದ ಕೈಗೆ ಅದರ ಫಲ ಎಂದೂ ತಲುಪುವುದಿಲ್ಲ. ಬೇರೊಂದು ಊರಿನ ಬೇರೊಬ್ಬ ಮೆಕ್ಯಾನಿಕ್ ಅದನ್ನು ನೋಡಿ “ಪೈಪ್ ಹಳೇದಾಗೇತ್ರಿ” ಎನ್ನುತ್ತಾನೆ. ಮೊದಲ ಮೆಕ್ಯಾನಿಕ್‌ನ ಲೆಕ್ಕದಲ್ಲಿ ‘ಏನೂ ಆಗಿಲ್ಲ’ ಎಂಬುದೇ ಉಳಿಯುತ್ತದೆ. ತನ್ನ ಸೋಲು ಕಣ್ಣಿಗೆ ಬೀಳದ ಕಡೆ ಎಷ್ಟು ವರ್ಷದ ಅನುಭವವಿದ್ದರೂ ಅದು ಪುರಾವೆಯಾಗುವುದಿಲ್ಲ.

ಸಣ್ಣ ರಿಂಗಿಗೆ ಇಷ್ಟು ಗಾಬರಿ ಯಾಕೆ ಎನ್ನುವವರು 2010ರ ಫೆಬ್ರವರಿಯನ್ನು ನೆನೆಯಬೇಕು. ಮಾರುತಿ ಸುಜುಕಿ ಆಗ ಸುಮಾರು 1 ಲಕ್ಷ ಎ-ಸ್ಟಾರ್ ಕಾರುಗಳನ್ನು ವಾಪಸ್ ಕರೆಸಿತು. ಕಾರಣ, ಪೆಟ್ರೋಲ್ ಪಂಪಿನ ಜಾಗದಲ್ಲಿ ಸೋರಿಕೆಗೆ ಎಡೆಮಾಡಬಹುದಾದ ಒಂದು ಗ್ಯಾಸ್ಕೆಟ್. ಕಾರ್ಖಾನೆಯವರೇ ಒಂದು ರಬ್ಬರ್ ತುಣುಕಿಗೆ ಹೆದರಿ ಲಕ್ಷ ಗಾಡಿ ಕರೆಸುತ್ತಾರೆ. ನಾವು ಅಂಥದೇ ತುಣುಕಿನ ಮೇಲೆ ಸ್ಕ್ರೂಡ್ರೈವರ್ ಆಡಿಸಿ “ಏನ್ ಆಗೂದಿಲ್ರೀ, ನಡೀರಿ” ಎನ್ನುತ್ತೇವೆ.

ಡೀಸೆಲ್ ಗಾಡಿಯವರು ಇದು ತಮಗಲ್ಲ ಎಂದು ಕೂರುವಂತಿಲ್ಲ. ಅಲ್ಲಿ ನಷ್ಟದ ದಾರಿ ಬೇರೆ. ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಪೈಪಿನಲ್ಲಿ ಒತ್ತಡವಿರುವುದಿಲ್ಲ, ಎಳೆತವಿರುತ್ತದೆ. ಫಿಲ್ಟರ್ ಬದಲಿಸುವಾಗ ಲಾಕಿನ ಓ-ರಿಂಗ್ ಕೊಯ್ದುಹೋದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಬೆಳಗಿನ ಹೊತ್ತು ಮಾತ್ರ ಗಾಡಿ ಬೇಗ ಸ್ಟಾರ್ಟ್ ಆಗುವುದಿಲ್ಲ, ಏರಿನಲ್ಲಿ ಜಗ್ಗುವುದಿಲ್ಲ. ಆಮೇಲೆ ಶುರುವಾಗುತ್ತದೆ ಪೂಜೆ: ಮೊದಲು ಬ್ಯಾಟರಿ, ನಂತರ ಸೆಲ್ಫ್ ಮೋಟಾರು, ನಂತರ ಇಂಜೆಕ್ಟರು, ಕೊನೆಗೆ ಹೈ ಪ್ರೆಶರ್ ಪಂಪು. ಫಿಲ್ಟರ್ ಬದಲಿಸಿದ ದಿನ ಲಾಕನ್ನು ಹೇಗೆ ಬಿಚ್ಚಿದರು ಎಂದು ಯಾರೂ ಕೇಳುವುದಿಲ್ಲ. ಪೈಪಿನ ನಡುವೆ ಒಂದು ಪಾರದರ್ಶಕ ತುಂಡು ಜೋಡಿಸಿ ನೋಡಿದರೆ ಓಡಾಡುವ ಗುಳ್ಳೆಗಳು ಎಲ್ಲವನ್ನೂ ಹೇಳಿಬಿಡುತ್ತವೆ.

ಇನ್ನು ಹೈ ಪ್ರೆಶರ್ ಬದಿ. ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಗಾಡಿಗಳ ಸಾಲನ್ನು ನೋಡಿದವರಿಗೆ ಗೊತ್ತು, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಪಿಕಪ್ಪುಗಳು ಚೀಲ ಹೇರಿಕೊಂಡು ಬರುತ್ತವೆ. ಮೋಟೆಬೆನ್ನೂರಿನ ಆಚೀಚೆ ಹೆದ್ದಾರಿ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಒಂದಾದರೂ ಗಾಡಿ ಕಾಣಿಸುತ್ತದೆ. ಇಂಜಿನ್ ‘ಮಿಸ್’ ಹೊಡೆಯುತ್ತಿದ್ದರೆ ಹಳೆಯ ಮೆಕ್ಯಾನಿಕ್ ಮಾಡುವ ಪರೀಕ್ಷೆ ಒಂದಿದೆ. ಇಂಜಿನ್ ಚಾಲೂ ಇಟ್ಟು ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುವುದು. ಯಾವುದನ್ನು ಸಡಿಲಿಸಿದರೆ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಎಂದು ಲೆಕ್ಕ. ಹಳೆಯ ಡೀಸೆಲ್ ಇಂಜಿನ್ನುಗಳಲ್ಲಿ ಇದು ನಡೆಯುತ್ತಿತ್ತು. ಈಗಿನ ಡೀಸೆಲ್ ಗಾಡಿಗಳ ಕಾಮನ್ ರೈಲ್ ಇಂಜಿನ್ನಿನಲ್ಲಿ ಅದೇ ಪೈಪಿನೊಳಗೆ ನೂರಾರು ಬಾರ್, ಲೋಡಿನಲ್ಲಿ 1,400ರಿಂದ 2,000 ಬಾರ್‌ವರೆಗೆ ಒತ್ತಡ ಇರುತ್ತದೆ. ಸಡಿಲಿಸಿದ ನಟ್ಟಿನ ಸಂದಿಯಿಂದ ಹಾರುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ಆರಂಭದಲ್ಲಿ ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾಂಸ ಸಾಯುತ್ತ ಹೋಗುತ್ತದೆ. ಕೆಲವೇ ತಾಸಿನೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು ಹೋಗಬಹುದು, ಕೈಯೇ ಹೋಗಬಹುದು. ಬಟ್ಟೆ ಸುತ್ತಿಕೊಂಡೆ ಎಂಬುದು ಇಲ್ಲಿ ರಕ್ಷಣೆಯಲ್ಲ. ಇಂಥ ಇಂಜಿನ್ ಚಾಲೂ ಇರುವಾಗ ಆ ನಟ್ಟಿಗೆ ಹಾಕಲು ಸರಿಯಾದ ಪಾನಾ ಎಂಬುದೇ ಇಲ್ಲ. ಬಂದ್ ಮಾಡಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಮುಟ್ಟಬೇಕು.

ಸರಿಯಾದ ಸಾಧನ ಎಂದಾಕ್ಷಣ ದುಬಾರಿ ಪೆಟ್ಟಿಗೆಯೊಂದನ್ನು ಕಲ್ಪಿಸಿಕೊಳ್ಳುವುದೂ ತಪ್ಪೇ. ಎಷ್ಟೋ ಕಾರುಗಳ ಲಾಕು ಬಿಚ್ಚಲು ಬೇಕಾದದ್ದು ಎರಡು ಬೆರಳು. ಪೈಪನ್ನು ಮೊದಲು ಎಳೆಯದೆ, ಒಳಕ್ಕೇ ತುಸು ಒತ್ತಬೇಕು. ಕಾಲುಗಳ ಮೇಲಿನ ಭಾರ ಆಗ ತಪ್ಪುತ್ತದೆ. ಲಾಕಿನ ಎರಡೂ ಬದಿಯ ಗುಂಡಿಗಳನ್ನು ಅದುಮಿ, ನೆಟ್ಟಗೆ ಹಿಂದಕ್ಕೆ ತೆಗೆದರೆ ಬಂತು. ಬರದಿದ್ದರೆ ಒಳಗೆ ಮಣ್ಣು ಕೂತಿದೆ ಎಂದೇ ಅರ್ಥ. ನಮ್ಮ ಎರೆಭೂಮಿಯ ಧೂಳಿಗೆ ಅದು ಸಹಜ. ಗಾಳಿ ಹೊಡೆದು, ನೀರಿನಿಂದ ತೊಳೆದು ಮತ್ತೆ ಒತ್ತಬೇಕು. ಈ ಒಂದು ನಿಮಿಷದ ತಾಳ್ಮೆ ಇಲ್ಲದವನು ಸ್ಕ್ರೂಡ್ರೈವರಿಗೆ ಕೈ ಹಾಕುತ್ತಾನೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿದಂತಿದೆ.

ಬೆರಳು ಮುಟ್ಟದ, ಕಾಲುಗಳು ಒಳಗೇ ಅಡಗಿರುವ ಲಾಕುಗಳೂ ಇವೆ. ಅವಕ್ಕೆ ನಳಿಗೆಯ ಸುತ್ತ ಕೂರುವ, ಲಾಳದಾಕಾರದ ಅಥವಾ ಸೀಳಿದ ಬಳೆಯಾಕಾರದ ಟೂಲು ಬೇಕು. ಅದು ಎಲ್ಲ ಕಾಲುಗಳನ್ನೂ ಒಂದೇ ಸಲಕ್ಕೆ, ಒಂದೇ ಸಮನಾಗಿ ಅಗಲಿಸುತ್ತದೆ. ಸ್ಕ್ರೂಡ್ರೈವರಿನ ಕೈಯಲ್ಲಿ ಎಂದೂ ಆಗದ ಕೆಲಸ ಇದು, ಏಕೆಂದರೆ ಅದಕ್ಕಿರುವುದು ಒಂದೇ ಮೂತಿ. ಟೂಲಿನ ಅಳತೆಯೂ ನಳಿಗೆಯ ಅಳತೆಗೆ ಸರಿಹೊಂದಬೇಕು. ದೊಡ್ಡದಾದರೆ ಕಾಲುಗಳಿಗೆ ತಾಗುವುದಿಲ್ಲ, ಚಿಕ್ಕದಾದರೆ ನಳಿಗೆಯ ಮೇಲೆ ಕೂರುವುದಿಲ್ಲ. ಅದಕ್ಕೇ ಇವು ಸೆಟ್ಟಾಗಿ ಬರುತ್ತವೆ, ಒಂದೊಂದು ಅಳತೆಗೆ ಒಂದೊಂದು ಬಣ್ಣ.

ಲೋಹದ ಪೈಪಿಗೆ ಲೋಹದ ನಟ್ಟಿರುವ ಕಡೆ ಮಾತು ಬೇರೆ. ಸಾದಾ ಬಾಯಿ ತೆರೆದ ಪಾನಾ ಆರು ಮೂಲೆಯ ನಟ್ಟನ್ನು ಎರಡೇ ಮುಖಗಳಲ್ಲಿ ಹಿಡಿಯುತ್ತದೆ. ಮೆತ್ತನೆಯ ನಟ್ಟು ಬಿಗಿಯಾಗಿ ಕೂತಿದ್ದರೆ ಮೂಲೆ ಸವೆದು ಗುಂಡಾಗುತ್ತದೆ. ಆಮೇಲೆ ಪೈಪ್ ರೆಂಚು, ಅದರ ಮೇಲೆ ಸುತ್ತಿಗೆ. ಫ್ಲೇರ್ ನಟ್ ಪಾನಾ ಪೈಪನ್ನು ನುಸುಳಲು ಬಿಡುವಷ್ಟೇ ಬಾಯಿ ತೆರೆದಿರುತ್ತದೆ, ಉಳಿದ ಮುಖಗಳನ್ನೆಲ್ಲ ಅಪ್ಪಿ ಹಿಡಿಯುತ್ತದೆ. ಎದುರಿನ ನಟ್ಟಿಗೆ ಇನ್ನೊಂದು ಪಾನಾ ಕೊಟ್ಟು ಹಿಡಿದಿರಬೇಕು. ಇಲ್ಲದಿದ್ದರೆ ಪೈಪೇ ತಿರುಚಿಕೊಳ್ಳುತ್ತದೆ. ಪೈಪಿನ ತುದಿಯ ಬಳೆಯೊಳಗೆ ತೂರುವ ಬ್ಯಾಂಜೊ ಬೋಲ್ಟ್ ಇದ್ದರೆ ಬಿಚ್ಚಿದ ಪ್ರತಿ ಸಲವೂ ಎರಡೂ ಬದಿಯ ತಾಮ್ರದ ವಾಷರ್ ಹೊಸದು ಹಾಕಬೇಕು. ಹಳೆಯ ವಾಷರನ್ನು ತಿಕ್ಕಿ ತಿರುಗಿಸಿ ಹಾಕುವುದು ಉಳಿತಾಯವಲ್ಲ, ಸೋರಿಕೆಗೆ ಕೊಟ್ಟ ಆಹ್ವಾನ.

ಲಾಕು ಮುರಿದ ಮೇಲೆ ನಡೆಯುವ ಜುಗಾಡಿನ ಬಗ್ಗೆಯೂ ಹೇಳಲೇಬೇಕು. ನೈಲಾನ್ ಪೈಪಿನ ತುದಿ ಕತ್ತರಿಸಿ, ಅದಕ್ಕೊಂದು ರಬ್ಬರ್ ಪೈಪು ತೊಡಿಸಿ, ಎರಡು ಕ್ಲಿಪ್ ಬಿಗಿದು ಕಳಿಸುತ್ತಾರೆ. ಕಾರ್ಬ್ಯುರೇಟರ್ ಗಾಡಿಗೆಂದು ಮಾಡಿದ ರಬ್ಬರ್ ಪೈಪು ಇಂಜೆಕ್ಷನ್ ಗಾಡಿಯ ಒತ್ತಡಕ್ಕೆ ಮಾಡಿದ್ದಲ್ಲ. ಸಾದಾ ತಿರುಪಿನ ಕ್ಲಿಪ್ಪಿನ ಅಂಚು ಬಿಗಿದಷ್ಟೂ ರಬ್ಬರನ್ನು ಕೊಯ್ಯುತ್ತದೆ. ಇದರ ಜೊತೆಗೆ ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವಂಥ ಮೆಕ್ಕೆಜೋಳ, ಕಬ್ಬುಗಳಿಂದಲೇ ಅದು ತಯಾರಾಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಥನಾಲ್ ಎಲ್ಲ ರಬ್ಬರಿಗೂ ಒಗ್ಗುವುದಿಲ್ಲ. ಕೆಲವನ್ನು ಉಬ್ಬಿಸುತ್ತದೆ, ಕೆಲವನ್ನು ಬಿರುಸಾಗಿಸುತ್ತದೆ. ಡಬ್ಬಿಯೊಳಗೆ ಕೈ ಹಾಕಿ, ಅಳತೆ ಹೊಂದಿತೆಂದು ಯಾವುದೋ ಪಂಪ್‌ಸೆಟ್ಟಿನ ಓ-ರಿಂಗ್ ಹಾಕುವ ಕಾಲ ಮುಗಿದಿದೆ.

ಟೂಲು ಕೈಗೆ ಬರುವ ಮೊದಲಿನ ಕೆಲಸ ಇನ್ನೂ ದೊಡ್ಡದು. ಪೆಟ್ರೋಲ್ ಪಂಪಿನ ಫ್ಯೂಸು ಅಥವಾ ರಿಲೇ ತೆಗೆದು, ಇಂಜಿನ್ ಚಾಲೂ ಮಾಡಿ, ಅದು ತಾನಾಗಿಯೇ ಬಂದ್ ಆಗುವವರೆಗೆ ಬಿಡಬೇಕು. ಇನ್ನೊಮ್ಮೆ ಸೆಲ್ಫ್ ಹೊಡೆದು ಉಳಿದ ಒತ್ತಡ ಕಳೆಯಬೇಕು. ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಕಾದ ಇಂಜಿನ್ ಆರಬೇಕು. ಜೋಡಣೆಯ ಸುತ್ತ ಬಟ್ಟೆ ಹಿಡಿಯಬೇಕು. ಇಷ್ಟು ಮಾಡದೆ ಬಿಚ್ಚಿದರೆ 3 ಬಾರ್ ಪೆಟ್ರೋಲು ನೇರ ಮುಖಕ್ಕೆ, ಇಲ್ಲವೇ ಕಾದ ಎಕ್ಸಾಸ್ಟಿನ ಮೇಲೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುವ ದ್ರವ. ಹಾವೇರಿಯ ಏಪ್ರಿಲ್ ಬಿಸಿಲಿನಲ್ಲಿ ಕೇಳುವುದೇ ಬೇಡ. ಆ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ಮೇಲೆ ಹಾರಿಹೋಗದೆ ನೆಲಕ್ಕಿಳಿದು ಹರಿಯುತ್ತದೆ. ಗಾಡಿ ಕೆಳಗಿನ ಗುಂಡಿಯಲ್ಲಿ ನಿಂತು ಕೆಲಸ ಮಾಡುವ ಹುಡುಗನ ಸುತ್ತ ತುಂಬಿಕೊಳ್ಳುತ್ತದೆ. ಅವನ ಪಕ್ಕ ತೂಗುವ ಗಾಜಿನ ಬಲ್ಬು ಒಡೆದರೆ ಸಾಕು. ಪೆಟ್ರೋಲ್ ಬೆಂಕಿಗೆ ಬಕೆಟ್ ನೀರು ಸುರಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಪುಡಿ ತುಂಬಿದ ಕೆಂಪು ಸಿಲಿಂಡರ್ ಗೋಡೆಗೆ ತೂಗಿರಬೇಕು, ಅದರೊಳಗಿನ ಒತ್ತಡ ಮುಗಿದಿರಬಾರದು.

ದುಡ್ಡಿನ ವಾದಕ್ಕೆ ಬರೋಣ. ಇಂಥ ಟೂಲಿನ ಒಂದು ಸಾಧಾರಣ ಸೆಟ್ಟಿಗೆ ಕೆಲವು ನೂರು ರೂಪಾಯಿ ಸಾಕು. ಹುಬ್ಬಳ್ಳಿಗೆ ಸಾಮಾನು ತರಲು ಹೋಗುವ ಯಾವ ಗ್ಯಾರೇಜಿಗೂ ಇದು ಭಾರವಲ್ಲ. ಇದಕ್ಕೆ ಪ್ರತಿಯಾಗಿ, ಲಾಕು ಮುರಿದರೆ ಎಷ್ಟೋ ಮಾಡೆಲ್ಲುಗಳಲ್ಲಿ ಲಾಕೊಂದೇ ಸಿಗುವುದಿಲ್ಲ, ಇಡೀ ಪೈಪನ್ನೇ ತರಿಸಬೇಕಾಗುತ್ತದೆ. ಅದರ ಬೆಲೆ ಮಾಲೀಕನ ತಲೆಗೆ. ಅಗ್ಗದ ಕೆಲಸ ಎಂದು ನಾವು ಕರೆಯುವುದು ಇದನ್ನೇ.

ಕೊನೆಗೆ ಉಳಿಯುವುದು ಅವರ ಅತಿ ಬಲವಾದ ಬಾಣ: ಇದೆಲ್ಲ ಕಂಪನಿಗಳ ಹುನ್ನಾರ. ಕಂಪನಿಗಳ ಮೇಲೆ ಅನುಮಾನ ಪಡಲು ಕಾರಣವಿದೆ, ಅದು ದಾಖಲೆಯಲ್ಲೂ ಇದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ಹಾಕಿತು. ಬಿಡಿಭಾಗಗಳನ್ನು ಮಾತ್ರವಲ್ಲ, ರಿಪೇರಿಗೆ ಬೇಕಾದ ಟೂಲುಗಳನ್ನೂ ಕೈಪಿಡಿಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಮ್ಮ ಡೀಲರುಗಳ ಕೈಯಲ್ಲೇ ಇಟ್ಟುಕೊಂಡವು ಎಂಬುದು ಆಪಾದನೆಯ ತಿರುಳು. ಆದೇಶದ ವಿರುದ್ಧ ಮೇಲ್ಮನವಿಗಳು ನಡೆದವು, ಅದು ಬೇರೆ ಕಥೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ಮಾಡಿ, ವರ್ಷದ ಕೊನೆಗೆ ಪೋರ್ಟಲ್ ತೆರೆಯಿತು. ವಾಹನಗಳು, ಕೃಷಿ ಯಂತ್ರಗಳು ಎರಡೂ ಅದರ ವ್ಯಾಪ್ತಿಯಲ್ಲಿವೆ.

ಈಗ ಯೋಚಿಸಿ. ಸ್ಪರ್ಧಾ ಆಯೋಗದ ಮುಂದೆ ಹೋರಾಡಿದವರು ಕೇಳಿದ್ದು ಟೂಲು ಕೊಡಿ ಎಂದು, ಕೈಪಿಡಿ ಕೊಡಿ ಎಂದು. ನಮ್ಮ ಗ್ಯಾರೇಜಿನಲ್ಲಿ ಕೂತು “ಟೂಲ್ ಯಾತಕ್ರೀ” ಎನ್ನುವವನು ಯಾರ ಪರವಾಗಿ ಮಾತಾಡುತ್ತಿದ್ದಾನೆ? ಕಂಪನಿಗೆ ಇದಕ್ಕಿಂತ ಖುಷಿಯ ಮಾತು ಇನ್ನೊಂದಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ಮುರಿದ ಒಂದೊಂದು ಲಾಕೂ ಶೋರೂಮಿನವರ ಪ್ರಚಾರಕ್ಕೆ ಸಾಮಗ್ರಿ. ಕಂಪನಿಯ ಹಿಡಿತದಿಂದ ತಪ್ಪಿಸಿಕೊಳ್ಳುವ ದಾರಿ ಕಂಪನಿಯ ಮೆಕ್ಯಾನಿಕ್‌ನಷ್ಟೇ ಚೊಕ್ಕಟವಾಗಿ ಕೆಲಸ ಮಾಡುವುದು. ತನಗೆ ಬರಬೇಕಾದ ಹಕ್ಕನ್ನು ಬೇಡವೆಂದು ದೂಡಿ ಅದನ್ನೇ ಸ್ವಾಭಿಮಾನ ಎಂದು ಕರೆದರೆ, ಹಳ್ಳಿಯ ಗ್ಯಾರೇಜು ಹಳ್ಳಿಯ ಗ್ಯಾರೇಜಾಗಿಯೇ ಉಳಿಯುತ್ತದೆ.

ಈ ಮನೋಭಾವಕ್ಕೆ ಕೆಲವರು ಗಾಂಧಿಯ ಬಣ್ಣವನ್ನೂ ಬಳಿಯುತ್ತಾರೆ: ಕೈಯೇ ದೊಡ್ಡದು, ಸಾಧನ ಚಿಕ್ಕದು ಎಂದು. ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವೇ ಇರುವಾಗ ಈ ಮಾತನ್ನು ಸ್ವಲ್ಪ ಎಚ್ಚರದಿಂದ ಆಡಬೇಕು. ಗಾಂಧೀಜಿ ಕಟ್ಟಿದ ಅಖಿಲ ಭಾರತ ಚರಕಾ ಸಂಘ 1929ರಲ್ಲಿ, ಹಳ್ಳಿಯ ಮನೆಯಲ್ಲಿ ನಡೆಯುವ ಉತ್ತಮ ಚರಕವೊಂದನ್ನು ರೂಪಿಸಿದವರಿಗೆ 1 ಲಕ್ಷ ರೂಪಾಯಿ ಬಹುಮಾನ ಘೋಷಿಸಿತ್ತು. ಆ ಕಾಲದ 1 ಲಕ್ಷ! ಯರವಡಾ ಜೈಲಿನಲ್ಲಿದ್ದಾಗಲೂ ಗಾಂಧೀಜಿ ಪೆಟ್ಟಿಗೆ ಚರಕವನ್ನು ಸುಧಾರಿಸುವುದರಲ್ಲಿ ಮುಳುಗಿದ್ದರು. ಕೈಕೆಲಸವನ್ನು ಗೌರವಿಸಿದ ಮನುಷ್ಯ ಕೈಗೆ ಒಳ್ಳೆಯ ಸಾಧನ ಸಿಗಲೆಂದು ಇಷ್ಟು ತಲೆ ಕೆಡಿಸಿಕೊಂಡಿದ್ದರು. ಮೊಂಡು ಸ್ಕ್ರೂಡ್ರೈವರಿಗೆ ಅವರ ಹೆಸರು ಅಂಟಿಸುವುದು ಬೇಡ.

ಮೆಕ್ಯಾನಿಕ್‌ಗಳನ್ನಷ್ಟೇ ಬೈದು ನಿಲ್ಲಿಸಿದರೆ ಅದು ಅನ್ಯಾಯವಾದೀತು. ಈ ಶೌರ್ಯವನ್ನು ಸಾಕಿದವರು ನಾವು, ಗಾಡಿ ಮಾಲೀಕರು. “ಹತ್ತ್ ನಿಮಿಷದಾಗ ಮುಗಸ್ರಿ, ಮದುವಿಗೆ ಹೋಗೂದೈತಿ” ಎಂದು ತಲೆಯ ಮೇಲೆ ನಿಲ್ಲುವವರು ನಾವು. ಇಂಜಿನ್ ಆರಲಿ ಎಂದು ಅರ್ಧ ತಾಸು ಕಾಯುವ ಮೆಕ್ಯಾನಿಕ್ ನಮ್ಮ ಕಣ್ಣಿಗೆ ಕೆಲಸಗೇಡಿ. ಹೊಸ ಓ-ರಿಂಗಿಗೆ, ವಾಷರಿಗೆ ದುಡ್ಡು ಕೇಳಿದರೆ ಸುಲಿಗೆ ಎನ್ನುತ್ತೇವೆ. ಟೂಲು ಇಟ್ಟುಕೊಂಡವನಿಗೂ ಸ್ಕ್ರೂಡ್ರೈವರ್ ವೀರನಿಗೂ ಒಂದೇ ಮಜೂರಿ ಕೊಡುತ್ತೇವೆ. ಹೀಗಿರುವಾಗ ಯಾರು ಯಾಕೆ ಟೂಲು ಕೊಳ್ಳಬೇಕು?

ಐಟಿಐಗಳ ಪಾಲೂ ಇದೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸಾವಿರಾರು ಕೋಟಿ ವೆಚ್ಚದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ರೊಬೋಟು, ಕಂಪ್ಯೂಟರ್ ಯಂತ್ರಗಳು ಬಂದದ್ದು ಒಳ್ಳೆಯದೇ. ಆದರೆ ಅಲ್ಲಿಂದ ಹೊರಬರುವ ಹುಡುಗ ಮೊದಲು ಸೇರುವುದು ಹೆದ್ದಾರಿ ಬದಿಯ ಗ್ಯಾರೇಜಿಗೆ. ಅವನಿಗೆ ಐದು ಬಗೆಯ ಜೋಡಣೆಗಳನ್ನು ಕಣ್ಣಿಂದ ಗುರುತಿಸಿ, ಯಾವುದಕ್ಕೆ ಬೆರಳು, ಯಾವುದಕ್ಕೆ ಬಳೆ ಟೂಲು, ಯಾವುದಕ್ಕೆ ಫ್ಲೇರ್ ಪಾನಾ ಎಂದು ಹೇಳಲು ಬರಬೇಕು. ಹತ್ತು ಸಲ ಬಿಚ್ಚಿ, ಹತ್ತು ಸಲ ಹಾಕಿ, ಪ್ರತಿ ಸಲವೂ ಎಳೆದು ನೋಡುವ ರೂಢಿ ಬೆರಳಿಗೆ ಇಳಿಯಬೇಕು.

ಗ್ಯಾರೇಜಿಗೆ ನಾನು ಕೇಳುವುದು ಹೆಚ್ಚೇನಿಲ್ಲ: ಬಳೆ ಟೂಲಿನ ಒಂದು ಸೆಟ್ಟು, ಮೂರ್ನಾಲ್ಕು ಅಳತೆಯ ಫ್ಲೇರ್ ಪಾನಾ, ಗೋಡೆಯ ಮೇಲೊಂದು ಬೆಂಕಿ ಆರಿಸುವ ಸಿಲಿಂಡರು. ಮಾಲೀಕರಿಗೆ ಹೇಳುವುದು ಇನ್ನೂ ಕಡಿಮೆ. ಮುಂದಿನ ಸಲ ಫಿಲ್ಟರ್ ಬದಲಿಸಲು ಹೋದಾಗ ಬಾನೆಟ್ ಏಳುವ ಮೊದಲೇ ಕೇಳಿ: “ಪ್ರೆಶರ್ ಹೆಂಗ್ ಕಳೀತೀರಿ? ಈ ಲಾಕ್ ಯಾವುದರಿಂದ ಬಿಚ್ಚತೀರಿ?” ಬಲ್ಲವನು ತೋರಿಸುತ್ತಾನೆ, ಅವನಿಗೆ ಐವತ್ತು ನೂರು ಹೆಚ್ಚಿಗೆ ಕೊಡಿ. ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ, ಗಾಡಿಯ ಚಾವಿ ವಾಪಸ್ ಇಸಿದುಕೊಂಡು ಬನ್ನಿ.